ಮನೆಯೊಳಗಿನ ವಿಷ ಮತ್ತು ಹತ್ತನೆಯ ತರಗತಿಯ ವಿಜ್ಞಾನ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ವಿಷ ಎಂಬ ಹೆಸರಿನ ಅಧ್ಯಾಯವಿಲ್ಲ. ಆದರೆ ಮನೆಯಲ್ಲಿ ನಾವು ದಿನವೂ ಮುಟ್ಟುವ, ಉಸಿರಾಡುವ ರಾಸಾಯನಿಕಗಳ ಬಗ್ಗೆ ಮಾತನಾಡಲು ಬೇಕಾದುದೆಲ್ಲ ಮೂರು ಘಟಕಗಳಲ್ಲಿ ಹಂಚಿಕೊಂಡು ಕೂತಿದೆ. ಬ್ಲೀಚಿಂಗ್ ಪೌಡರ್ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕದಲ್ಲಿದೆ, ಸಾಬೂನು ಮತ್ತು ಮಾರ್ಜಕ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕದಲ್ಲಿವೆ, ಮೂತ್ರಪಿಂಡ ‘ಜೀವಕ್ರಿಯೆಗಳು’ ಘಟಕದಲ್ಲಿದೆ. ವರ್ತೂರಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸದ ಅವಧಿಯಲ್ಲಿ ಈ ಮೂರನ್ನೂ ಜೋಡಿಸಿ ನಾಲ್ಕು ಅವಧಿಗಳ ಪಾಠ ಮಾಡಿದೆ. ಅದರ ವಿಷಯಾಂಶವನ್ನು, ಪಾಠ ಮಾಡುವಾಗ ಎದುರಾದ ಕೆಲವು ಪ್ರಶ್ನೆಗಳನ್ನು ಇಲ್ಲಿ ವಿವರಿಸಿದ್ದೇನೆ.

ಪೂರ್ವಜ್ಞಾನ ತಿಳಿಯಲು ಮೊದಲ ದಿನ ಒಂದೇ ಪ್ರಶ್ನೆ ಕೊಟ್ಟಿದ್ದೆ: ‘ದೇಹದೊಳಗೆ ಸೇರಿದ ಬೇಡದ ವಸ್ತು ಹೊರಗೆ ಹೋಗುವುದು ಹೇಗೆ?’ ಗ್ರೀನ್ ಟೀ, ನಿಂಬೆಹಣ್ಣು ಹಿಂಡಿದ ಬಿಸಿನೀರು, ಸೋರೆಕಾಯಿ ರಸ, ಉಪವಾಸ, ರಾತ್ರಿ ಅಂಗಾಲಿಗೆ ಅಂಟಿಸುವ ಪಟ್ಟಿ ಎಂದೆಲ್ಲ ಬರೆದರು. ಮೂತ್ರಪಿಂಡ ಎಂದು ಬರೆದವರು ಒಬ್ಬರೂ ಇಲ್ಲ. ಅದೇ ಮಕ್ಕಳ ನೋಟ್‌ಬುಕ್ಕಿನಲ್ಲಿ ನೆಫ್ರಾನ್ ಚಿತ್ರ ಬಣ್ಣದ ಪೆನ್ಸಿಲ್ಲಿನಲ್ಲಿ ಅಂದವಾಗಿ ಬರೆದು, ಭಾಗಗಳನ್ನು ಗುರುತಿಸಿ, ಶಿಕ್ಷಕರ ಸಹಿಯನ್ನೂ ಪಡೆದಿತ್ತು. ಪಾಠದಲ್ಲಿ ಕಲಿತ ವಿಸರ್ಜನೆ ಒಂದು, ಮೊಬೈಲಿನಲ್ಲಿ ಕೇಳಿದ ‘ಡಿಟಾಕ್ಸ್’ ಇನ್ನೊಂದು. ಎರಡೂ ಒಂದೇ ವಿಷಯ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನೊರೆಯಿಂದ ಆರಂಭ

ವರ್ತೂರಿನಲ್ಲಿ ಮಾರ್ಜಕದ ಪಾಠಕ್ಕೆ ಬೋಧನೋಪಕರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. 2015ರ ಬೇಸಿಗೆಯಲ್ಲಿ ವರ್ತೂರು ಕೋಡಿಯ ಬಳಿ ಕೆರೆಯ ನೊರೆ ಆಳೆತ್ತರಕ್ಕೆ ಉಕ್ಕಿ ರಸ್ತೆಗೆ ಬಂದ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಅದೇ ವರ್ಷ ಮೇ ತಿಂಗಳಿನಲ್ಲಿ ಮೇಲಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು; 2017ರ ಫೆಬ್ರುವರಿಯಲ್ಲಿ, 2018ರ ಜನವರಿಯಲ್ಲಿ ಆ ಕೆರೆಯಂಗಳ ಮತ್ತೆ ಹೊತ್ತಿ ಉರಿಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಚಾರಣೆಗೆ ತೆಗೆದುಕೊಂಡ ಮೇಲೆ ಎರಡೂ ಕೆರೆಗಳ ಹೂಳೆತ್ತುವ ಕೆಲಸ ನಡೆಯಿತು. ನನ್ನ ತರಗತಿಯ ಮಕ್ಕಳು ಆಗ ತೀರ ಚಿಕ್ಕವರು. ಆದರೂ ನೊರೆಯ ಸುದ್ದಿ ಪ್ರತಿ ಮನೆಯಲ್ಲೂ ಇದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಈ ಕೆರೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಶುದ್ಧೀಕರಣವಾಗದ ಕೊಳಚೆನೀರಿನ ಜೊತೆ ಬರುವ ಮಾರ್ಜಕದ ಅಣುಗಳು ಪೂರ್ತಿ ಕೊಳೆಯದೆ ನೀರಿನಲ್ಲಿ ಉಳಿಯುತ್ತವೆ. ಈ ಅಣುವಿಗೆ ನೀರನ್ನು ಬಯಸುವ ತಲೆ ಒಂದು, ಎಣ್ಣೆಯನ್ನು ಬಯಸುವ ಬಾಲ ಒಂದು. ಕೋಡಿಯಲ್ಲಿ ನೀರು ಬಿದ್ದು ಕಡೆದಂತಾದಾಗ ಅಣುಗಳು ಗಾಳಿಗುಳ್ಳೆಯ ಸುತ್ತ ಸಾಲುಗಟ್ಟಿ ನಿಲ್ಲುತ್ತವೆ, ಗುಳ್ಳೆ ಬೇಗ ಒಡೆಯುವುದಿಲ್ಲ. ಮಾರ್ಜಕದಲ್ಲಿನ ಮತ್ತು ಮಲಮೂತ್ರದಲ್ಲಿನ ರಂಜಕ ಕೆರೆಯ ಅಂತರಗಂಗೆಗೆ ಗೊಬ್ಬರವಾಗುತ್ತದೆ.

ಇದಕ್ಕೆ ನಾನು ಮಾಡಿಸಿದ ಚಟುವಟಿಕೆ ಸರಳವಾದದ್ದು. ಒಂದು ಲೀಟರ್ ನೀರಿಗೆ ಒಂದು ಚಮಚ ಬಟ್ಟೆ ಪುಡಿ ಹಾಕಿ ಕುಲುಕಿಸಿದೆ. ಅದರಿಂದ 100 ಮಿ.ಲೀ. ತೆಗೆದು ಇನ್ನೊಂದು ಬಾಟಲಿಗೆ ಹಾಕಿ, ಒಂದು ಲೀಟರ್ ಆಗುವವರೆಗೆ ನೀರು ತುಂಬಿಸಿದೆ. ಅದರಿಂದ 100 ಮಿ.ಲೀ. ಮೂರನೆಯದಕ್ಕೆ. ಮೂರನೆಯ ಬಾಟಲಿಯಲ್ಲೂ ತೆಳುವಾದ ನೊರೆ ನಿಂತಿತು. ಚಮಚದ ನೂರರಲ್ಲಿ ಒಂದು ಭಾಗ! ಹಾಗಾದರೆ ನಿಮ್ಮ ಬೀದಿಯಲ್ಲಿ ಒಂದು ದಿನಕ್ಕೆ ಎಷ್ಟು ಚಮಚ ಎಂದು ಕೇಳಿದೆ. ಲೆಕ್ಕ ಹಾಕುವುದನ್ನು ಅವರೇ ಶುರುಮಾಡಿದರು, ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ನೊರೆ ಜಾಸ್ತಿ ಬಂದರೆ ಬಟ್ಟೆ ಹೆಚ್ಚು ಶುಭ್ರ ಎಂಬ ನಂಬಿಕೆಯನ್ನು ಕೂಡ ಇಲ್ಲಿಯೇ ಚರ್ಚೆಗೆ ತರಬಹುದು. ಕೊಳೆಯನ್ನು ಎತ್ತುವುದು ಮಿಸೆಲ್, ನೊರೆಯಲ್ಲ.

ಬಚ್ಚಲುಮನೆಯ ಕ್ಲೋರಿನ್

ಮನೆಯೊಳಗಿನ ವಿಷ ಎಂದಾಗ ಪ್ಲಾಸ್ಟಿಕ್ ಡಬ್ಬಿ, ಹಣ್ಣಿನ ಮೇಲಿನ ಮೇಣ, ಶಾಂಪೂ ಇಂಥವೇ ಮೊದಲು ಬಾಯಿಗೆ ಬರುತ್ತವೆ. ಅವುಗಳ ಬಗ್ಗೆ ಎಚ್ಚರ ಬೇಡವೆಂದಲ್ಲ. ಆದರೆ ನಾನು ಪಾಠ ಮಾಡಿದ ಮಕ್ಕಳಲ್ಲಿ ಬಹಳಷ್ಟು ಮಂದಿಯ ತಾಯಂದಿರು ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುತ್ತಾರೆ, ದಿನಕ್ಕೆ ಐದಾರು ಶೌಚಾಲಯ ತೊಳೆಯುತ್ತಾರೆ. ಅವರ ಪಾಲಿಗೆ ಮೊದಲ ಅಪಾಯ ಬೇರೆಯೇ ಇದೆ.

ಬ್ಲೀಚಿಂಗ್ ಪೌಡರ್ ತಯಾರಾಗುವುದು ಒಣ ಅರಳಿದ ಸುಣ್ಣದ ಮೇಲೆ ಕ್ಲೋರಿನ್ ಹಾಯಿಸಿದಾಗ ಎಂದು ಪುಸ್ತಕ ಹೇಳುತ್ತದೆ. ಆಮ್ಲ ತಗುಲಿದರೆ ಆ ಕ್ಲೋರಿನ್ ಮತ್ತೆ ಹೊರಬರುತ್ತದೆ ಎಂಬುದನ್ನು ನಾವು ಸೇರಿಸಿ ಹೇಳಬೇಕು. ಕಪ್ಪುಹಲಗೆಯ ಮೇಲೆ ಇಷ್ಟನ್ನು ಬರೆದೆ:

ಬ್ಲೀಚಿಂಗ್ ಪೌಡರ್ + ಹೈಡ್ರೊಕ್ಲೋರಿಕ್ ಆಮ್ಲ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕ್ಲೋರಿನ್ ಅನಿಲ

‘ಹೈಡ್ರೊಕ್ಲೋರಿಕ್ ಆಮ್ಲ ಮನೆಯಲ್ಲಿ ಎಲ್ಲಿರುತ್ತದೆ?’ ಎಂದು ಕೇಳಿದಾಗ ಎಲ್ಲರೂ ಸುಮ್ಮನಿದ್ದರು. ಟೈಲ್ಸ್ ತೊಳೆಯುವ ಆಸಿಡ್, ಕಕ್ಕಸಿಗೆ ಹಾಕುವ ಬಾಟಲಿ ಎಂದೊಡನೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದವಳು. ‘ಮಿಸ್, ನಮ್ಮವ್ವ ಎರಡೂ ಕೂಡ್ಸೇ ಹಾಕ್ತಾಳ್ರೀ. ಹೊಲಸು ಜಲ್ದಿ ಹೋಗ್ತದಂತ. ಆಮ್ಯಾಲ ಕಣ್ಣು ಉರೀತಾವ, ಕೆಮ್ಮು ಬರ್ತದ ಅಂತಾಳ.’ ಇನ್ನೂ ಮೂರು ಮಕ್ಕಳು ನಮ್ಮಮ್ಮನೂ ಹಾಗೇ ಮಾಡುತ್ತಾರೆ ಎಂದರು.

ಕ್ಲೋರಿನ್ ಗಾಳಿಗಿಂತ ಭಾರವಾದ ಅನಿಲ, ನೆಲಮಟ್ಟದಲ್ಲೇ ನಿಲ್ಲುತ್ತದೆ. ಬಚ್ಚಲು ಉಜ್ಜುವವರು ಕೂತು ಅಥವಾ ಬಗ್ಗಿ ಕೆಲಸ ಮಾಡುತ್ತಾರೆ. ಕಿಟಕಿಯಿಲ್ಲದ ಸಣ್ಣ ಬಚ್ಚಲು, ಬಾಗಿಲು ಮುಚ್ಚಿದ್ದರೆ ಕೇಳುವುದೇ ಬೇಡ. ಒದ್ದೆಯಾದ ಶ್ವಾಸನಾಳದಲ್ಲಿ ಕ್ಲೋರಿನ್ ನೀರಿನೊಡನೆ ಸೇರಿ ಆಮ್ಲವಾಗುತ್ತದೆ, ಅದಕ್ಕೇ ಉರಿ. ಹಾಗಾಗಿ ಮಕ್ಕಳು ಮನೆಗೆ ಒಯ್ಯಬೇಕಾದ ಮಾತು ಇಷ್ಟು: ಒಂದು ದಿನ ಒಂದೇ, ಎರಡನ್ನೂ ಕೂಡಿಸಬಾರದು, ಒಂದನ್ನು ಹಾಕಿದ ಮೇಲೆ ಸಾಕಷ್ಟು ನೀರು ಹೊಯ್ದು ತೊಳೆಯಬೇಕು, ಘಾಟು ಬಂದರೆ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಗಾಳಿಗೆ ಬರಬೇಕು, ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಬೇಕು. ಈ ಕ್ರಿಯೆಯನ್ನು ತರಗತಿಯಲ್ಲಿ, ಪ್ರಯೋಗಾಲಯದಲ್ಲಿ, ‘ಸ್ವಲ್ಪವೇ’ ಎಂದುಕೊಂಡು ಕೂಡ ತೋರಿಸಬಾರದು. ಸಮೀಕರಣ ಸಾಕು.

ನನ್ನ ಮಾರ್ಗದರ್ಶಕ ಶಿಕ್ಷಕಿ ಪಾಠ ವೀಕ್ಷಣೆಯ ನಂತರ ಒಂದು ಮಾತು ಹೇಳಿದರು: ‘ಹೆದರಿಸಿ ಕಳಿಸಬೇಡಿ ಅಮ್ಮ. ಆ ಮನೆಯಲ್ಲಿ ಮಾಡಲಿಕ್ಕೆ ಆಗೋದನ್ನ ಮಾತ್ರ ಹೇಳಿ.’ ಮುಂದಿನ ಪಾಠಗಳನ್ನು ನಾನು ಇದೇ ಅಳತೆಗೋಲಿನಿಂದ ತೂಗಿದೆ.

ಉದಾಹರಣೆಗೆ ಸೊಳ್ಳೆಬತ್ತಿ. ಒಂದು ಸುರುಳಿ ಬತ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳಿಗೆ ಸಮ ಎಂದು ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇದನ್ನು ಕೇಳಿ ‘ಕಿಟಕಿ ತೆಗೆದಿಡಿ’ ಎಂದು ಉಪದೇಶಿಸುವುದು ಸುಲಭ. ರಾಜಕಾಲುವೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಹೊಗೆ. ಡೆಂಗಿ ಬರುವ ಊರಿನಲ್ಲಿ ಬತ್ತಿ ಬಿಡಿ ಎಂದಷ್ಟೇ ಹೇಳಿ ಬರುವಂತಿಲ್ಲ. ಸೊಳ್ಳೆ ಪರದೆ, ಮುಚ್ಚಳವಿರುವ ನೀರಿನ ಡ್ರಮ್ಮು, ಬತ್ತಿ ಹಚ್ಚಲೇಬೇಕಾದರೆ ಮಲಗುವ ಮೊದಲು ಹಚ್ಚಿ ಆರಿಸುವುದು. ಇಷ್ಟು ಸಾಧ್ಯ ಎಂದು ಮಕ್ಕಳೇ ಒಪ್ಪಿದರು. ನುಸಿಗುಳಿಗೆಯ ವಿಷಯ ಬೇಗ ಮುಗಿಯಿತು: ಹಸುಗೂಸಿನ ಬಟ್ಟೆಯ ನಡುವೆ ಇಡಬಾರದು, ಕೆಲವು ಶಿಶುಗಳಲ್ಲಿ ನ್ಯಾಫ್ತಲೀನ್‌ನಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಬರುತ್ತದೆ.

ಸೀಸದ ಕಥೆ

ಹೊರಬೆಂಗಳೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಪಾಠ ಮಾಡುವವರು ಸೀಸವನ್ನು ಬಿಡಬಾರದು. ಅದರ ಇತಿಹಾಸವೂ ನಮ್ಮ ಊರಿನದೇ. ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದಾಗ, ಪರೀಕ್ಷೆಗೊಳಗಾದ ಅರ್ಧಕ್ಕೂ ಹೆಚ್ಚು ಮಕ್ಕಳ ರಕ್ತದಲ್ಲಿ ಅಂದಿನ ಮಿತಿಯಾದ ಪ್ರತಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂಗಿಂತ ಹೆಚ್ಚು ಸೀಸವಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಕೆಲಸವನ್ನು ಮುಂದುವರಿಸಿ, ಸೀಸದ ವಿಷಬಾಧೆಗೆ ರಾಷ್ಟ್ರಮಟ್ಟದ ಕೇಂದ್ರವನ್ನು ಕಟ್ಟಿದರು. 2000ದ ಫೆಬ್ರುವರಿಗೆ ದೇಶದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತಿತು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಗೆ ಬಂತು. ಹಳೆಯ ಗೋಡೆ, ಹಳೆಯ ಬಾಗಿಲಿನ ಬಣ್ಣಕ್ಕೆ ಈ ನಿಯಮ ಗೊತ್ತಿಲ್ಲ.

ಬ್ಯಾಟರಿ ರಿಪೇರಿ, ಗುಜರಿ, ಬೆಸುಗೆ ಕೆಲಸ ಮಾಡುವವರ ಬಟ್ಟೆಯ ಮೇಲೆ ಸೀಸದ ಧೂಳು ಮನೆಗೆ ಬರುತ್ತದೆ. ನೆಲದಲ್ಲಿ ತೆವಳುವ ಮಗು ಕೈ ಬಾಯಿಗೆ ಹಾಕುತ್ತದೆ. ಕೆಲಸದ ಬಟ್ಟೆ ಬೇರೆ ನೆನೆಸುವುದು, ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು, ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಯುವುದು, ಇವಕ್ಕೆ ದುಡ್ಡು ಬೇಕಾಗಿಲ್ಲ.

ದೇಹದಲ್ಲಿ ಸೀಸ ಕ್ಯಾಲ್ಸಿಯಂನ ವೇಷ ಹಾಕುತ್ತದೆ. ಮೂಳೆಯೊಳಗೆ ಸೇರಿ ದಶಕಗಟ್ಟಲೆ ಉಳಿಯುತ್ತದೆ. ಆಹಾರದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಕರುಳು ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ನಾಲ್ಕೂ ಅವಧಿಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಆಶ್ಚರ್ಯ ತಂದದ್ದು ಇದೇ ಮಾತು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಕಿಟಕಿಯಾಚೆ ಬೀಳುವುದನ್ನು ನೋಡಿದ ಶಿಕ್ಷಕರಿಗೆ ಇದು ಉಪಯೋಗಕ್ಕೆ ಬರುವ ವಿವರಣೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಹಳ್ಳಿಯವರ ಊಟ ಎಂದು ಮೂಗು ಮುರಿಯುವ ಹುಡುಗರಿಗೆ ಇದನ್ನು ಲೆಕ್ಕ ಹಾಕಲು ಕೊಡಬಹುದು.

ನಿಜವಾದ ‘ಡಿಟಾಕ್ಸ್’

ಪಿತ್ತಜನಕಾಂಗ ಅಮೋನಿಯವನ್ನು ಯೂರಿಯ ಮಾಡುತ್ತದೆ, ಮದ್ಯ ಮತ್ತು ಮಾತ್ರೆಗಳನ್ನು ಒಡೆದು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಅದರಲ್ಲಿ ಹೊರಹೋಗುವುದು ಒಂದೆರಡು ಲೀಟರ್ ಮಾತ್ರ. ಈ ಸಂಖ್ಯೆ ಪುಸ್ತಕದಲ್ಲೇ ಇದೆ. 20 ಲೀಟರಿನ ನೀರಿನ ಕ್ಯಾನ್ ಒಂಬತ್ತು ಎಂದಾಗ ಮಕ್ಕಳಿಗೆ ಅದು ಕಣ್ಣಿಗೆ ಕಂಡಿತು.

ಅಂಗಾಲಿನ ಪಟ್ಟಿ ಬೆಳಿಗ್ಗೆ ಕಂದಾಗುವುದು ವಿಷ ಹೀರಿದ್ದರಿಂದ ಎಂದು ಒಬ್ಬ ಹುಡುಗ ವಾದಿಸಿದ. ಅವನೇ ತಂದ ಹೊಸ ಪಟ್ಟಿಯನ್ನು ಬಿಸಿನೀರಿನ ಲೋಟದ ಆವಿಗೆ ಹಿಡಿಸಿದೆ. ಕಾಲಿಲ್ಲದೆಯೂ ಪಟ್ಟಿ ಕಂದಾಯಿತು. ಅವನು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಅಂಗಡಿಯವನಿಗೆ ತೋರಿಸಲು ಜೇಬಿಗೆ ಹಾಕಿಕೊಂಡ.

ರಸಗಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಸೋರೆಕಾಯಿ ಕಹಿಯಾಗಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ಅಂಥ ರಸ ಕುಡಿದು ಸಾವುಗಳಾದ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ರಚಿಸಿತು. ಕಹಿ ರಸವನ್ನು ಎಸೆಯಬೇಕು, ಬೇರೆ ರಸಗಳೊಡನೆ ಬೆರೆಸಬಾರದು ಎಂಬುದು ಅದರ ಸಲಹೆ. ಬೆರೆಸಿದರೆ ಕಹಿ ಗೊತ್ತಾಗುವುದಿಲ್ಲವಲ್ಲ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಕಮರಾಕ್ಷಿ ಹಣ್ಣು ಕೂಡ ಅಪಾಯ. ‘ನೈಸರ್ಗಿಕ’ ಎಂಬ ಪದಕ್ಕೂ ‘ಸುರಕ್ಷಿತ’ ಎಂಬ ಪದಕ್ಕೂ ಮಕ್ಕಳು ಅರ್ಥವ್ಯತ್ಯಾಸ ಬರೆಯಲಿ.

ಕೊನೆಯ ಅವಧಿಯ ಮೌಲ್ಯಮಾಪನಕ್ಕೆ ಚಿತ್ರ ಬರೆಸಲಿಲ್ಲ. ‘ನಿಮ್ಮ ಮನೆಯವರಿಗೆ ನಾಳೆ ಹೇಳುವ ಒಂದು ಮಾತು, ಅದಕ್ಕೆ ವೈಜ್ಞಾನಿಕ ಕಾರಣ’ ಎಂಬ ಎರಡು ಅಂಕದ ಪ್ರಶ್ನೆ ಕೊಟ್ಟೆ. 38 ಉತ್ತರಗಳಲ್ಲಿ 21 ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಕುರಿತಾಗಿದ್ದವು. ಯಾದಗಿರಿಯ ಹುಡುಗಿಯ ಉತ್ತರದ ಕೆಳಗೆ ನನಗೇ ಒಂದು ಪ್ರಶ್ನೆಯಿತ್ತು: ಕೆಲಸದ ಮನೆಯ ಆಂಟಿಯೇ ಎರಡನ್ನೂ ಕೂಡಿಸಿ ಹಾಕು ಅಂದರೆ ಅವ್ವ ಏನು ಹೇಳಬೇಕು? ಮರುದಿನ ಮೂವರು ಹುಡುಗಿಯರು ಕೂತು ಕನ್ನಡ, ತೆಲುಗು, ಹಿಂದಿಯಲ್ಲಿ ಅರ್ಧ ಪುಟದ ಚೀಟಿ ಬರೆದರು, ಸಮೀಕರಣದ ಸಮೇತ, ಅಪಾರ್ಟ್‌ಮೆಂಟಿನ ಆಂಟಿಯರಿಗೆ ಕೊಡಲು.