ಮಳೆಯಲ್ಲಿ ಬೆರಳುಗಳ ರಕ್ಷಣೆ: ದ್ವಿಚಕ್ರ ವಾಹನ ಸವಾರರಿಗೆ ಕೈಗವಸಿನ ಆಯ್ಕೆ

ಜೂನ್ ತಿಂಗಳ ಎರಡನೆಯ ವಾರದಲ್ಲಿ ಮುಂಗಾರು ಪುಣೆಗೆ ಅಡಿಯಿಟ್ಟಿತೆಂದರೆ ಕ್ಯಾಂಪಿನ ಮಹಾತ್ಮಾ ಗಾಂಧಿ ರಸ್ತೆ, ಈಸ್ಟ್ ಸ್ಟ್ರೀಟುಗಳ ಚಿತ್ರವೇ ಬದಲಾಗುತ್ತದೆ. ಅಂಗಡಿಗಳ ಮುಂದೆ ರೇನ್‌ಕೋಟುಗಳು ತೂಗಾಡುತ್ತವೆ. ಸವಾರರು ತಲೆಗೆ ಹೆಲ್ಮೆಟ್, ಮೈಗೆ ರೇನ್‌ಕೋಟ್, ಕಾಲಿಗೆ ಮಳೆಗಾಲದ ಚಪ್ಪಲಿ ಕೊಳ್ಳುತ್ತಾರೆ. ಆದರೆ ವಾಹನವನ್ನು ನಡೆಸುವ, ತಿರುಗಿಸುವ ಮತ್ತು ನಿಲ್ಲಿಸುವ ಕೈಗಳು ಮಾತ್ರ ಬಹುಪಾಲು ಬರಿದಾಗಿಯೇ ಉಳಿಯುತ್ತವೆ. ಕಾನೂನು ಹೆಲ್ಮೆಟನ್ನು ಕಡ್ಡಾಯಗೊಳಿಸಿದೆ. ಕೈಗವಸಿನ ವಿಷಯವನ್ನು ಸವಾರನ ವಿವೇಕಕ್ಕೇ ಬಿಟ್ಟಿದೆ.

ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದು ಹೆಸರಾಗಿತ್ತು. ಬಜಾಜ್ ಚೇತಕ್ ಸ್ಕೂಟರು ಮತ್ತು ಕೈನೆಟಿಕ್ ಸಂಸ್ಥೆಯ ಲೂನಾ ಮೊಪೆಡ್ಡು, ಪುಣೆಯ ನಂಟುಳ್ಳ ಈ ಎರಡೂ ವಾಹನಗಳು 1972ರಲ್ಲಿ ಬಂದ ಮೇಲೆ ಸೈಕಲ್ಲಿನ ಸ್ಥಾನವನ್ನು ಕ್ರಮೇಣ ಯಂತ್ರದ ದ್ವಿಚಕ್ರಿಗಳು ಆಕ್ರಮಿಸಿದವು. ಇಂದು ಪಿಂಪ್ರಿ, ಕೊಂಢ್ವಾ, ಹಡಪಸರಗಳಿಂದ ಕ್ಯಾಂಪಿನ ಕಚೇರಿಗಳಿಗೆ ಬರುವ ಕನ್ನಡಿಗರಲ್ಲಿ ಅನೇಕರಿಗೆ ದ್ವಿಚಕ್ರ ವಾಹನವೇ ಆಧಾರ. ರಜೆ ಬಂದರೆ ತರುಣರು ಮಹಾಬಳೇಶ್ವರಕ್ಕೂ, ನಿಪ್ಪಾಣಿ, ಬೆಳಗಾವಿಗಳ ತವರಿಗೂ ಮೋಟಾರ್ ಸೈಕಲ್ಲಿನಲ್ಲಿಯೇ ಹೊರಡುತ್ತಾರೆ. ಇಂತಹವರಿಗೆಲ್ಲ ಕೈಗವಸಿನ ಆಯ್ಕೆಯು ಆರೋಗ್ಯಕ್ಕೂ ಪ್ರಾಣರಕ್ಷಣೆಗೂ ಸಂಬಂಧಿಸಿದ ವಿಷಯವಾಗಿದೆ.

ಬೆರಳುಗಳೇ ಮೊದಲು ತಣಿಯುವುದೇಕೆ?

ಶರೀರದ ಅಂಗಗಳಲ್ಲಿ ಬೆರಳುಗಳ ರಚನೆ ವಿಶಿಷ್ಟವಾದುದು. ಬೆರಳುಗಳನ್ನು ಮಡಿಸುವ ಮುಖ್ಯ ಸ್ನಾಯುಗಳು ಮುಂಗೈಯಲ್ಲಿವೆ. ಬೆರಳಿನೊಳಗೆ ಇರುವುದು ಮೂಳೆ, ನರ, ರಕ್ತನಾಳ ಮತ್ತು ಎಳೆಯುವ ಹುರಿಗಳು. ಆದ್ದರಿಂದ ಬೆರಳು ತಾನಾಗಿ ಉತ್ಪಾದಿಸುವ ಶಾಖ ಅತ್ಯಲ್ಪ. ಗಾತ್ರಕ್ಕೆ ಹೋಲಿಸಿದರೆ ಅದರ ಹೊರಮೈ ದೊಡ್ಡದು. ಶಾಖವನ್ನು ಕಳೆದುಕೊಳ್ಳುವುದು ಸುಲಭ. ಮೈಗೆ ಚಳಿ ತಗುಲಿದೊಡನೆ ಹೃದಯ, ಮಿದುಳುಗಳಂತಹ ಮುಖ್ಯ ಅಂಗಗಳ ಬಿಸಿಯನ್ನು ಕಾಪಾಡಲು ಶರೀರವು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಬೆರಳಿಗೆ ಬರುತ್ತಿದ್ದ ಬಿಸಿ ರಕ್ತವೂ ಕಡಿಮೆಯಾಗುತ್ತದೆ.

ಇದರ ಮೇಲೆ ಮಳೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗದಲ್ಲಿ ಶಾಖವನ್ನು ಸಾಗಿಸುತ್ತದೆ. ಒದ್ದೆ ಚರ್ಮದ ಮೇಲೆ ಗಾಳಿ ಬೀಸಿದಾಗ ನೀರು ಆವಿಯಾಗುತ್ತದೆ; ಒಂದು ಗ್ರಾಂ ನೀರು ಹೀಗೆ ಆವಿಯಾಗಲು, ಅದೇ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದ ಸುಮಾರು 580 ಪಟ್ಟು ಶಾಖ ಬೇಕು. ಅದರ ಬಹುಭಾಗವನ್ನು ತೆರುವುದು ಸವಾರನ ಕೈ. ಪುಣೆಯಲ್ಲಿ ಜುಲೈ ತಿಂಗಳ ರಾತ್ರಿಯೂ ಸಾಮಾನ್ಯವಾಗಿ 22 ಡಿಗ್ರಿಯಷ್ಟು ಬೆಚ್ಚಗಿದ್ದರೂ ಅರ್ಧ ಗಂಟೆಯ ಸವಾರಿಯಲ್ಲಿ ಬೆರಳುಗಳು ಸೆಟೆಯುವುದಕ್ಕೆ ಇದೇ ಕಾರಣ.

ಚರ್ಮದ ಉಷ್ಣತೆ 15 ಡಿಗ್ರಿಯ ಸಮೀಪಕ್ಕೆ ಇಳಿದರೆ ಬೆರಳುಗಳ ಚಾಕಚಕ್ಯತೆ ಸ್ಪಷ್ಟವಾಗಿ ಕುಂದುತ್ತದೆ. ನರಗಳಲ್ಲಿ ಸಂದೇಶದ ಗತಿಯೂ ಮಂದವಾಗುತ್ತದೆ. ಇದರ ಬೆಲೆಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಮರಗಟ್ಟಿದ ಬೆರಳು ಬ್ರೇಕು ಹಿಡಿಯಲು ಅರ್ಧ ಸೆಕೆಂಡು ತಡಮಾಡಿದರೂ 8 ಮೀಟರ್, ಅಂದರೆ ಎರಡು ಕಾರುಗಳ ಉದ್ದ, ಕೈತಪ್ಪಿ ಹೋದಂತೆಯೇ. ಮೋಟಾರ್ ಸೈಕಲ್ಲನ್ನು ನಿಲ್ಲಿಸುವಲ್ಲಿ ಹೆಚ್ಚಿನ ಪಾಲು ಮುಂಗಾಲಿಯ ಬ್ರೇಕಿನದು, ಅದು ಬಲಗೈಯಲ್ಲಿದೆ. ಗೇರಿಲ್ಲದ ಸ್ಕೂಟರುಗಳಲ್ಲಂತೂ ಎರಡೂ ಬ್ರೇಕುಗಳು ಕೈಯಲ್ಲೇ ಇವೆ.

ಆದುದರಿಂದ ಕೈಗವಸನ್ನು ಆರಿಸುವಾಗ "ಇದರೊಳಗೆ ನೀರು ಬರುವುದೋ ಇಲ್ಲವೋ" ಎಂಬ ಪ್ರಶ್ನೆಯೊಂದೇ ಸಾಲದು. ಒಂದು ಗಂಟೆ ಮಳೆಯಲ್ಲಿ ಸವಾರಿ ಮಾಡಿದ ಮೇಲೂ ಬೆರಳು ಬ್ರೇಕನ್ನು ಹದವರಿತು ಹಿಡಿಯಬಲ್ಲುದೇ ಎಂಬುದೇ ಮುಖ್ಯ ಪ್ರಶ್ನೆ. ಮುಂದೆ ಹೇಳುವ ಎಲ್ಲ ಲಕ್ಷಣಗಳನ್ನೂ ಈ ಒರೆಗಲ್ಲಿಗೇ ತಿಕ್ಕಿ ನೋಡಬೇಕು.

ನೀರನ್ನು ತಡೆಯುವ ಬಗೆ

ಚರ್ಮದ ಕೈಗವಸು ಬಿದ್ದಾಗ ಕೈಯನ್ನು ಚೆನ್ನಾಗಿ ಕಾಯುತ್ತದೆ, ಆದರೆ ಮಳೆಯ ನೀರನ್ನು ಹೀರಿಕೊಂಡು ಭಾರವಾಗುತ್ತದೆ. ಪೂರ್ಣ ರಬ್ಬರಿನ ಕೈಗವಸು ನೀರನ್ನು ತಡೆಯುತ್ತದೆ, ಆದರೆ ಬೆವರನ್ನೂ ಒಳಗೇ ಹಿಡಿದಿಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕೈ ಒಳಗಿನಿಂದಲೇ ಒದ್ದೆಯಾಗುತ್ತದೆ. ಈ ಎರಡು ತೊಡಕುಗಳಿಗೂ ಪರಿಹಾರವಾಗಿ ಬಂದುದು ಸೂಕ್ಷ್ಮರಂಧ್ರಗಳ ತೆಳುಪೊರೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಅವರು ಟೆಫ್ಲಾನ್ ಜಾತಿಯ ವಸ್ತುವನ್ನು ಹಠಾತ್ತಾಗಿ ಹಿಗ್ಗಿಸಿ ಇಂತಹ ಪೊರೆಯ ದಾರಿಯನ್ನು ಕಂಡುಕೊಂಡರು; ಅದೇ ಮುಂದೆ ಗೋರ್‌ಟೆಕ್ಸ್ ಎಂದು ಪ್ರಸಿದ್ಧವಾಯಿತು. ಪೊರೆಯ ರಂಧ್ರಗಳು ನೀರಿನ ಹನಿಗಿಂತ ಸಾವಿರಾರು ಪಟ್ಟು ಕಿರಿದು, ಆದರೆ ಬೆವರಿನ ಆವಿಯ ಕಣಗಳಿಗಿಂತ ಹಿರಿದು. ಹೊರಗಿನ ಹನಿ ಒಳಬರಲಾರದು. ಒಳಗಿನ ಆವಿ ಹೊರಹೋಗಬಲ್ಲುದು. ಇದೇ ಉದ್ದೇಶದ ಬೇರೆ ಹೆಸರಿನ ಪೊರೆಗಳೂ ಈಗ ದೊರೆಯುತ್ತವೆ.

ಕೊಳ್ಳುವವರು ಚೀಟಿಯಲ್ಲಿರುವ ಎರಡು ಮಾತುಗಳ ಅಂತರವನ್ನು ಅರಿಯಬೇಕು. 'ವಾಟರ್ ರೆಸಿಸ್ಟೆಂಟ್' ಎಂದಿದ್ದರೆ ತುಂತುರನ್ನು ಕೆಲವು ಹೊತ್ತು ತಡೆಯುತ್ತದೆಂದಷ್ಟೇ ಅರ್ಥ. 'ವಾಟರ್‌ಪ್ರೂಫ್' ಎಂದಿದ್ದರೂ ಒಳಗೆ ಪೊರೆ ಇದೆಯೇ, ಅದರ ಹೊಲಿಗೆಗಳನ್ನು ಮುಚ್ಚಲಾಗಿದೆಯೇ ಎಂದು ವಿಚಾರಿಸಬೇಕು. ಸೂಜಿಯ ತೂತು ಒಂದಾದರೂ ಸಾಕು, ನೀರಿಗೆ ದಾರಿಯಾಗುತ್ತದೆ.

ಪೊರೆಯಿದ್ದರೂ ಹೊರಬಟ್ಟೆ ನೀರು ಕುಡಿಯುವಂತಿರಬಾರದು. ಹೊರಪದರ ತೊಯ್ದು ತೊಪ್ಪೆಯಾದರೆ ಕೈ ಒದ್ದೆಯಾಗದಿದ್ದರೂ ಆವಿಯಾಗುವ ನೀರು ಶಾಖವನ್ನು ಸೆಳೆದು ಬೆರಳನ್ನು ತಣಿಸುತ್ತದೆ. ಬೆವರಿನ ಆವಿಗೂ ದಾರಿ ಮುಚ್ಚುತ್ತದೆ. ಹೊರಮೈ ಮೇಲೆ ನಾಲ್ಕು ಹನಿ ನೀರು ಹಾಕಿದಾಗ ಕೆಸುವಿನ ಎಲೆಯ ಮೇಲಿನಂತೆ ಅವು ಉರುಳಿ ಹೋದರೆ ಒಳ್ಳೆಯ ಲಕ್ಷಣ.

ದಪ್ಪವೆಲ್ಲ ಬೆಚ್ಚಗಲ್ಲ

ಬೆಲೆ ಹೆಚ್ಚಿದಷ್ಟೂ, ದಪ್ಪವಾದಷ್ಟೂ ಉತ್ತಮವೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಯೂರೋಪಿನ ಚಳಿಗಾಲಕ್ಕಾಗಿ ತಯಾರಾದ, ದಪ್ಪ ಒಳಪದರವುಳ್ಳ ಕೈಗವಸನ್ನು ಜುಲೈ ತಿಂಗಳಲ್ಲಿ ಕ್ಯಾಂಪಿನ ಸಂದಣಿಯಲ್ಲಿ ತೊಟ್ಟರೆ ಕೈ ಬೆವರುತ್ತದೆ. ಗಾಳಿಯಲ್ಲಿ ತೇವಾಂಶ ತುಂಬಿರುವಾಗ ಪೊರೆಯ ಮೂಲಕ ಆವಿ ಹೊರಹೋಗುವುದೂ ನಿಧಾನ. ಜೊತೆಗೆ ದಪ್ಪ ಗವಸಿನಲ್ಲಿ ಬ್ರೇಕಿನ ಹದ ಬೆರಳಿಗೆ ತಿಳಿಯುವುದಿಲ್ಲ.

ಆದುದರಿಂದ ಪುಣೆ ನಗರದೊಳಗಿನ ಸವಾರಿಗೆ ಪೊರೆಯುಳ್ಳ, ಆದರೆ ಬೆಚ್ಚನೆಯ ಒಳಪದರವಿಲ್ಲದ ತೆಳು ಕೈಗವಸು ಸಾಕು. ಕಾತ್ರಜ್, ಖಂಬಾಟ್ಕಿ ಘಟ್ಟಗಳನ್ನು ದಾಟಿ, ವಾಯಿಯಿಂದ ಪಸರಣಿ ಘಟ್ಟವೇರಿ ಮಹಾಬಳೇಶ್ವರಕ್ಕೆ ಹೋಗುವವರ ಸ್ಥಿತಿ ಬೇರೆ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ಅಲ್ಲಿ 5000 ಮಿಲಿಮೀಟರಿಗೂ ಹೆಚ್ಚು. ಮಂಜು, ಗಾಳಿಗಳೂ ಸೇರಿರುತ್ತವೆ. ಅಲ್ಲಿಗೂ, ಕರ್ನಾಟಕದ ಆಗುಂಬೆ, ಕೊಡಗುಗಳ ಕಡೆಗೂ ಹೋಗುವವರಿಗೆ ತೆಳುವಾದ ಬೆಚ್ಚನೆಯ ಒಳಪದರ ಉಪಯುಕ್ತ. ಅಂಗೈ ಭಾಗ ಮಾತ್ರ ಎಲ್ಲ ಗವಸುಗಳಲ್ಲಿಯೂ ತೆಳುವಾಗಿಯೇ ಇರಬೇಕು.

ಅಳತೆ, ಮಣಿಕಟ್ಟು, ಅಂಗೈ

ಹೆಬ್ಬೆರಳನ್ನು ಬಿಟ್ಟು, ಬೆರಳಿನ ಬುಡದ ಗೆಣ್ಣುಗಳ ಸುತ್ತ ಟೇಪು ಹಿಡಿದು ಅಳತೆ ತೆಗೆಯಬೇಕು. ಅದನ್ನು ತಯಾರಕರ ಪಟ್ಟಿಯೊಡನೆ ಹೋಲಿಸಬೇಕು. ಬಿಗಿಯಾದ ಗವಸು ರಕ್ತಸಂಚಾರವನ್ನು ತಡೆದು ಕೈಯನ್ನು ಇನ್ನಷ್ಟು ತಣಿಸುತ್ತದೆ. ಸಡಿಲವಾದದ್ದು ಹಿಡಿಯಲ್ಲಿ ಮಡಿಕೆ ಬಿದ್ದು ಜಾರುತ್ತದೆ. ಮುಷ್ಟಿ ಹಿಡಿದಾಗ ಬೆರಳ ತುದಿ ಒತ್ತದಂತೆ ಕೊಂಚ ಜಾಗ ಉಳಿಯಬೇಕು.

ನೀರು ಒಳನುಗ್ಗುವ ಹೆಬ್ಬಾಗಿಲು ಮಣಿಕಟ್ಟು. ಸಾಮಾನ್ಯ ಸವಾರಿಯಲ್ಲಿ ಕೈಗಳು ಹ್ಯಾಂಡಲಿನ ಕಡೆಗೆ ಇಳಿಜಾರಾಗಿರುತ್ತವೆ. ರೇನ್‌ಕೋಟಿನ ತೋಳಿನ ಮೇಲೆ ಬಿದ್ದ ನೀರು ಇಳಿದು ಬರುವುದರಿಂದ, ಗವಸಿನ ಬಾಯಿ ತೋಳಿನ ಮೇಲಿದ್ದರೆ ನೀರೆಲ್ಲ ಅದರೊಳಗೇ ಬೀಳುತ್ತದೆ. ಗವಸನ್ನು ಮೊದಲು ತೊಟ್ಟು ಅದರ ಮೇಲೆ ರೇನ್‌ಕೋಟಿನ ತೋಳನ್ನು ಇಳಿಸಿ ವೆಲ್ಕ್ರೋ ಪಟ್ಟಿ ಬಿಗಿಯುವುದು ಯುಕ್ತ. ಉತ್ತಮ ಗವಸು ತೊಟ್ಟಿದ್ದೂ ಕೈ ತೊಯ್ಯಿತೆಂದು ದೂರುವವರು ಮೊದಲು ಪರಿಶೀಲಿಸಬೇಕಾದದ್ದು ಈ ಸಣ್ಣ ಸಂಗತಿಯನ್ನೇ.

ಬೀಳುವಾಗ ಮನುಷ್ಯ ಸಹಜವಾಗಿ ಅಂಗೈಯನ್ನು ಮುಂದೊಡ್ಡುತ್ತಾನೆ. ಮಣಿಕಟ್ಟಿನ ಚಿಕ್ಕ ಮೂಳೆಗಳು ಹೀಗೆ ಮುರಿಯುವುದುಂಟು. ಪಾತ್ರೆ ತೊಳೆಯುವ ರಬ್ಬರ್ ಗವಸಾಗಲಿ, ಕೈಗೆ ಕಟ್ಟಿದ ಪ್ಲಾಸ್ಟಿಕ್ ಚೀಲವಾಗಲಿ ಅಲ್ಲಿ ರಕ್ಷಣೆ ನೀಡಲಾರದು. ಲಿವರಿನ ಮೇಲೆ ಜಾರುವ ಅಪಾಯವೂ ಇದೆ. ಅಂಗೈಯ ಬುಡದಲ್ಲಿ ಗಟ್ಟಿ ಪಟ್ಟಿ, ಗೆಣ್ಣುಗಳ ಮೇಲೆ ರಕ್ಷಾಕವಚ ಇರುವುದು ಒಳ್ಳೆಯದು. ಯೂರೋಪಿನ ಇಎನ್ 13594 ಎಂಬ ಗುಣಮಟ್ಟದ ಗುರುತು ಇದ್ದರೆ ಇನ್ನೂ ಒಳಿತು. ಅದರಲ್ಲಿ 1 ಮತ್ತು 2 ಎಂಬ ಎರಡು ಮಟ್ಟಗಳಿದ್ದು, 2 ಹೆಚ್ಚಿನ ರಕ್ಷಣೆಯನ್ನು ಸೂಚಿಸುತ್ತದೆ. ಎಡಗೈ ಬೆರಳಿನ ಮೇಲೆ ರಬ್ಬರಿನ ಸಣ್ಣ ಅಂಚಿದ್ದರೆ ಹೆಲ್ಮೆಟ್ಟಿನ ಗಾಜಿನ ಮೇಲಿನ ನೀರನ್ನು ಒರೆಸಲು ಅನುಕೂಲ.

ಕೊಳ್ಳುವ ಮುನ್ನ, ಕೊಂಡ ನಂತರ

ಅಂಗಡಿಯಲ್ಲಿ ಗವಸು ತೊಟ್ಟು, ಸಾಧ್ಯವಾದರೆ ಸ್ವಂತ ವಾಹನದ ಮೇಲೆ ಕುಳಿತು ಬ್ರೇಕು, ಕ್ಲಚ್ಚು, ಇಂಡಿಕೇಟರುಗಳನ್ನು ಆಡಿಸಿ ನೋಡಬೇಕು. ಬೀಗದ ಕೈ ತಿರುಗಿಸಲು ಬರಬೇಕು. ಕೈಯನ್ನು ಎಳೆದು ತೆಗೆದಾಗ ಒಳಪದರ ಕಿತ್ತು ಬರುವಂತಿದ್ದರೆ ಅಂತಹದನ್ನು ಬಿಡುವುದೇ ಲೇಸು. ದಾರಿಯಲ್ಲಿ ಒದ್ದೆ ಕೈಯಿಂದ ಅದನ್ನು ಮತ್ತೆ ತೊಡುವುದು ದುಸ್ಸಾಧ್ಯ. ಮನೆಗೆ ತಂದ ಮೇಲೆ ಗವಸಿನೊಳಗೆ ಬೆರಳಿಗೆ ತೆಳು ಕಾಗದ ಸುತ್ತಿಕೊಂಡು, ಮಣಿಕಟ್ಟಿನವರೆಗೆ ಬಕೆಟ್ಟಿನ ನೀರಿನಲ್ಲಿ ಐದು ನಿಮಿಷ ಕೈಯಿಟ್ಟು ಮುಷ್ಟಿ ಬಿಗಿದು ಬಿಚ್ಚಿದರೆ ಹೊಲಿಗೆಯ ದೋಷ ಬೇಗನೆ ಬಯಲಾಗುತ್ತದೆ. ಅಂಗಡಿಯ ರಸೀದಿಯನ್ನು ಅಲ್ಲಿಯವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಖರ್ಚಿನ ಮಾತು. ಉದಾಹರಣೆಗೆ 3600 ರೂಪಾಯಿಯ ಜೊತೆಯೊಂದು ಮೂರು ಮಳೆಗಾಲ ಬಾಳಿತೆಂದರೆ, ಕಾಲಕ್ಕೆ ನಾಲ್ಕು ತಿಂಗಳಂತೆ, ದಿನಕ್ಕೆ ಬೀಳುವ ವೆಚ್ಚ ಹತ್ತು ರೂಪಾಯಿ. ಒಂದು ಕಟಿಂಗ್ ಚಹಾದ ಆಸುಪಾಸಿನ ಹಣ.

ಒದ್ದೆ ಗವಸನ್ನು ಒಲೆಯ ಬಳಿಯಾಗಲಿ ಬಿರುಬಿಸಿಲಿನಲ್ಲಾಗಲಿ ಒಣಗಿಸಬಾರದು. ಚರ್ಮ ಗಡುಸಾಗಿ ಸೀಳುತ್ತದೆ. ಒಳಗೆ ಹಳೆಯ ವೃತ್ತಪತ್ರಿಕೆ ತುರುಕಿ, ನೆರಳಿನಲ್ಲಿ ಗಾಳಿಗೆ ತೂಗುಹಾಕಿ, ಕಾಗದವನ್ನು ಆಗಾಗ ಬದಲಿಸಬೇಕು. ತೇವವುಳ್ಳ ಗವಸನ್ನೇ ದಿನವೂ ತೊಟ್ಟರೆ ಬೆರಳಿನ ಸಂದುಗಳಲ್ಲಿ ಶಿಲೀಂಧ್ರದ ಸೋಂಕು ತಗಲಿ ತುರಿಕೆ, ಚರ್ಮ ಸುಲಿಯುವಿಕೆ ಉಂಟಾಗಬಹುದು. ಗವಸಿನೊಳಗೆ ತೊಡಲು ತೆಳುವಾದ ಒಳಗವಸಿನ ಎರಡು ಜೊತೆ ಇದ್ದರೆ ದಿನಕ್ಕೊಂದನ್ನು ಒಗೆದು ಒಣಗಿಸಬಹುದು.

ವೈದ್ಯರಿಗೆ ತೋರಿಸಬೇಕಾದ ಸೂಚನೆಗಳು

ತಂಪು ತಗುಲಿದೊಡನೆ ಬೆರಳುಗಳು ಬಿಳಿಚಿ, ನೀಲಿಯಾಗಿ, ಬಿಸಿಯಾದಾಗ ಕೆಂಪಾಗಿ ಉರಿಯುವುದು ಪದೇ ಪದೇ ಕಂಡರೆ ಅದು ಫ್ರೆಂಚ್ ವೈದ್ಯ ಮಾರಿಸ್ ರೇನೋ ಅವರು 1862ರಲ್ಲಿ ವಿವರಿಸಿದ ರಕ್ತನಾಳದ ತೊಂದರೆಯಾಗಿರಬಹುದು. ಸವಾರಿ ಮುಗಿದ ಮೇಲೂ, ರಾತ್ರಿ ನಿದ್ರೆಯಲ್ಲೂ ಬೆರಳು ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನ ನರ ಒತ್ತಿಹೋಗಿರುವ ಸಾಧ್ಯತೆಯಿದೆ. ಮಧುಮೇಹಿಗಳಲ್ಲಿ ಸ್ಪರ್ಶಜ್ಞಾನ ಕುಂದಿದ್ದರೆ ಚಳಿಯ ಎಚ್ಚರಿಕೆಯೇ ತಿಳಿಯದು. ಧೂಮಪಾನವು ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತದೊತ್ತಡ ಮತ್ತು ಹೃದಯದ ತೊಂದರೆಗಳಿಗೆ ಕೊಡುವ ಬೀಟಾ ಬ್ಲಾಕರ್ ಜಾತಿಯ ಔಷಧಗಳಿಂದಲೂ ಕೆಲವರ ಕೈ ತಣ್ಣಗಾಗುವುದುಂಟು. ಹಾಗೆಂದು ಔಷಧವನ್ನು ತಾವಾಗಿ ನಿಲ್ಲಿಸದೆ ವೈದ್ಯರ ಸಲಹೆ ಪಡೆಯಬೇಕು.

ಎಷ್ಟೇ ಉತ್ತಮ ಗವಸಿಗೂ ಒಂದು ಮಿತಿಯುಂಟು. ಬೆರಳು ಮರಗಟ್ಟಿತೆಂದು ಅನ್ನಿಸಿದ ಕ್ಷಣವೇ ರಸ್ತೆಯ ಬದಿಗೆ ವಾಹನ ನಿಲ್ಲಿಸಿ, ಕೈಗಳನ್ನು ಒರೆಸಿ, ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು. ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿಸಿ ನೋಡಿ, ಅದು ಸರಾಗವಾದ ನಂತರವೇ ಮುಂದುವರಿಯಬೇಕು. ಹತ್ತು ನಿಮಿಷದ ವಿಳಂಬದಿಂದ ಕಚೇರಿಯ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬಿದ್ದೀತು. ಮನೆಯಲ್ಲಿ ದಾರಿ ಕಾಯುವವರಿಗೆ ಮಾತ್ರ ಸವಾರನು ತಡವಾಗಿಯಾದರೂ ಕ್ಷೇಮವಾಗಿ ಬಂದನೆಂಬುದೇ ದೊಡ್ಡ ಸಮಾಧಾನ.