ಕಲ್ಲು ದಾಟಿ ಬಂದ ಲೆಕ್ಕ

ಈಜಿಪ್ಟಿನ ಗೀಜಾದಲ್ಲಿರುವ ಖುಫು ಪಿರಮಿಡ್ಡಿನ ಮೇಲೆ ನಿಮಿಷಕ್ಕೆ ಸುಮಾರು 53 ಕೋಟಿ ಮ್ಯುಯಾನ್ ಎಂಬ ಸೂಕ್ಷ್ಮ ಕಣಗಳು ಬೀಳುತ್ತವೆ. ಲೆಕ್ಕ ಸುಲಭ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಮ್ಯುಯಾನ್. ಪಿರಮಿಡ್ಡಿನ ತಳದ ಒಂದೊಂದು ಬದಿ 230 ಮೀಟರ್. ಅದನ್ನು ಕಟ್ಟಿ ಸುಮಾರು 4,500 ವರ್ಷವಾಯಿತು. ಅಷ್ಟು ಕಾಲದಲ್ಲಿ ಬಿದ್ದದ್ದನ್ನು ಬರೆಯಲು ಒಂದರ ಮುಂದೆ 18 ಸೊನ್ನೆ ಬೇಕು. ಹಗಲಿರುಳು ಸುರಿದ ಈ ಜಡಿಮಳೆಯಲ್ಲಿ ಕಲ್ಲು ದಾಟಿದ ಪ್ರತಿ ಹನಿಯೂ ಕಲ್ಲಿನ ಒಳಗು ಹೇಗಿದೆ ಎಂಬ ಸುದ್ದಿಯನ್ನು ಹೊತ್ತೇ ಕೆಳಗಿಳಿಯಿತು. ಕೇಳಿಸಿಕೊಳ್ಳುವ ಉಪಕರಣ ನಮ್ಮಲ್ಲಿ ಇರಲಿಲ್ಲ, ಅಷ್ಟೆ.

ನಾವೂ ಅದೇ ಮಳೆಯಲ್ಲಿದ್ದೇವೆ. ಏಳು ಗಂಟೆ ಅಂಗಾತ ಮಲಗಿ ಎದ್ದರೆ ಅಷ್ಟರಲ್ಲಿ ಸುಮಾರು 25 ಲಕ್ಷ ಮ್ಯುಯಾನ್‌ಗಳು ಮೈಯೊಳಗಿಂದ ಹಾದುಹೋಗಿರುತ್ತವೆ. ಮನೆಯ ತಾರಸಿ ಅವುಗಳಿಗೆ ಲೆಕ್ಕಕ್ಕಿಲ್ಲ.

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯ ಪರಮಾಣುಗಳಿಗೆ ಬಡಿದಾಗ, ನೆಲದಿಂದ ಸುಮಾರು 15 ಕಿ.ಮೀ. ಎತ್ತರದಲ್ಲಿ, ಮ್ಯುಯಾನ್ ಹುಟ್ಟುತ್ತದೆ. ಎಲೆಕ್ಟ್ರಾನಿನ ಕುಲದ್ದೇ, ತೂಕ ಮಾತ್ರ 207 ಪಟ್ಟು. ಆಯುಸ್ಸು ಸರಾಸರಿ 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ 660 ಮೀಟರ್ ಮಾತ್ರ ಸಾಗಬಹುದು. ನೆಲ ಮುಟ್ಟುವ ಮಾತೇ ಇಲ್ಲ. ಆದರೂ ಮುಟ್ಟುತ್ತದೆ, ಏಕೆಂದರೆ ಆ ವೇಗದಲ್ಲಿ ಓಡುವ ಕಣದ ಗಡಿಯಾರ ನಮ್ಮ ಕಣ್ಣಿಗೆ ಹತ್ತಾರು ಪಟ್ಟು ನಿಧಾನವಾಗುತ್ತದೆ. ಐನ್‌ಸ್ಟೈನ್ ಹೇಳಿದ್ದು ನಿಜವಾಗಿರದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ನೆಲ ತಲುಪಿದ ಮ್ಯುಯಾನಿನ ಶಕ್ತಿ ಸರಾಸರಿ 400 ಕೋಟಿ ಎಲೆಕ್ಟ್ರಾನ್ ವೋಲ್ಟ್. ಒಂದು ಮೀಟರ್ ಬಂಡೆ ದಾಟಲು ಅದು ತೆರಬೇಕಾದ ಸುಂಕ ಸುಮಾರು 50 ಕೋಟಿ. ಅಂದರೆ ಎಂಟು ಮೀಟರ್ ಕಲ್ಲಿನಲ್ಲಿ ಅದರ ಗಂಟು ಕರಗಿತು. ನೂರು ಮೀಟರ್ ದಾಟಬೇಕಾದರೆ ಹುಟ್ಟುವಾಗಲೇ ಅಪಾರ ಶಕ್ತಿ ಹೊತ್ತು ಬಂದಿರಬೇಕು. ಅಂಥವು ನೂರರಲ್ಲಿ ಒಂದೂ ಸಿಗುವುದಿಲ್ಲ. ಕಲ್ಲಿನ ನಡುವೆ ಪೊಳ್ಳಿದ್ದರೆ ಅಷ್ಟು ಮೀಟರಿನ ಸುಂಕ ಉಳಿಯುತ್ತದೆ, ಆ ದಿಕ್ಕಿನಿಂದ ನಾಲ್ಕು ಮ್ಯುಯಾನ್ ಹೆಚ್ಚಿಗೆ ಬರುತ್ತವೆ. ವಿದ್ಯೆಯೆಲ್ಲ ಈ ಹೆಚ್ಚುವರಿಯನ್ನು ಎಣಿಸುವುದರಲ್ಲಿದೆ.

ಆಳ ಹೆಚ್ಚಿದಂತೆ ಮ್ಯುಯಾನ್ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಬಹಳ ಆಳದವರೆಗೆ ಅಳೆದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. ಹೋಮಿ ಭಾಭಾ ಅವರ ಪ್ರೇರಣೆಯಿಂದ, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಇಲ್ಲಿ ಎಣಿಕೆ ಶುರುಮಾಡಿದರು. 1960ರ ದಶಕದ ಆರಂಭಕ್ಕೆ ಉಪಕರಣಗಳು 2,760 ಮೀಟರ್ ಆಳಕ್ಕೆ ಇಳಿದಿದ್ದವು. ಮೇಲೆ, ನೆಲದಲ್ಲಿ, ಒಂದು ಚದರ ಮೀಟರಿಗೆ ಎರಡು ತಿಂಗಳಲ್ಲಿ ಬೀಳುವ ಮ್ಯುಯಾನ್ 86 ಕೋಟಿ. ಅಲ್ಲಿ ಕೆಳಗೆ, ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ. ಈ ಸೊನ್ನೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಅಷ್ಟು ನಿಶ್ಶಬ್ದವಾದ ಜಾಗ ಎಂಬುದು ಖಾತ್ರಿಯಾದ್ದರಿಂದಲೇ ಆ ಗಣಿಯಲ್ಲಿ, ಬಹಳ ವಿರಳವಾಗಿ ಮಾತ್ರ ಸುಳಿವು ಕೊಡುವ ನ್ಯೂಟ್ರಿನೊ ಎಂಬ ಕಣವನ್ನು ಹಿಡಿಯುವ ಧೈರ್ಯ ಬಂತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತನ್ನು ಅದೇ ಗಣಿಯಲ್ಲಿ ಪಡೆದರು. ಆ ಗಣಿಯ ಹೆಸರು ಹೇಳಿದರೆ ಇಂದು ಬಹಳ ಜನಕ್ಕೆ ಸಿನಿಮಾ ನೆನಪಾಗುತ್ತದೆ. ಈ ಎಣಿಕೆಯ ಕಥೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಾಗಬೇಕು.

ಪಿರಮಿಡ್ಡಿಗೆ ಈ ಲೆಕ್ಕವನ್ನು ಮೊದಲು ಹಚ್ಚಿದವರು ಅಮೆರಿಕದ ಲೂಯಿಸ್ ಆಲ್ವರೆಜ್. ಅವರು ಆರಿಸಿಕೊಂಡದ್ದು ಖುಫುವಿನದನ್ನಲ್ಲ, ಪಕ್ಕದ ಖಫ್ರೆಯದನ್ನು. 1967ರ ಅರಬ್-ಇಸ್ರೇಲ್ ಯುದ್ಧದಿಂದ ಕೆಲಸ ತಡವಾಯಿತು. 1970ರಲ್ಲಿ ಫಲಿತಾಂಶ ಬಂತು: ಪಿರಮಿಡ್ಡಿನ ಗಾತ್ರದಲ್ಲಿ ಶೇಕಡಾ 19ನ್ನು ಜಾಲಾಡಿಯಾಯಿತು, ಅಷ್ಟರಲ್ಲಿ ಗುಪ್ತ ಕೋಣೆ ಇಲ್ಲ. ಇದನ್ನು ಸೋಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಕಲ್ಲನ್ನೂ ಅಲುಗಿಸದೆ, ಇಷ್ಟು ಭಾಗ ಗಟ್ಟಿ ಕಲ್ಲೇ ಎಂದು ಹೇಳಲು ಅದಕ್ಕೆ ಮೊದಲು ಯಾರಿಂದಲೂ ಆಗಿರಲಿಲ್ಲ.

ಖುಫುವಿನ ಸರದಿ ಬಂದದ್ದು ಸ್ಕ್ಯಾನ್‌ಪಿರಮಿಡ್ಸ್ ಎಂಬ ಯೋಜನೆಯಲ್ಲಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ತಂದದ್ದು ಫಿಲ್ಮ್. ಕ್ಯಾಮೆರಾ ಫಿಲ್ಮಿನಂತೆಯೇ ಬೆಳ್ಳಿಯ ಬ್ರೋಮೈಡ್ ಹರಳುಗಳ ಲೇಪ, ಕೊಂಚ ದಪ್ಪ. ಕರೆಂಟು ಬೇಡ, ಲೆನ್ಸು ಬೇಡ. ‘ರಾಣಿಯ ಕೋಣೆ’ ಎಂದು ಕರೆಯುವ, ಐದೂವರೆ ಮೀಟರಿನಷ್ಟು ಉದ್ದಗಲದ ಕಲ್ಲಿನ ಕೋಣೆಯಲ್ಲಿ ಹಾಳೆಗಳನ್ನು ನೆಲದ ಮೇಲೆ ಹಾಸಿ ತಿಂಗಳುಗಟ್ಟಲೆ ಬಿಟ್ಟರು. ಮ್ಯುಯಾನ್ ಹಾದಲ್ಲೆಲ್ಲ ಹರಳುಗಳಲ್ಲಿ ಗುರುತು ಬೀಳುತ್ತದೆ. ಫಿಲ್ಮನ್ನು ತೊಳೆದಾಗ ಅದು ಕಪ್ಪು ಚುಕ್ಕಿಗಳ ಸಾಲಾಗಿ ಕಾಣುತ್ತದೆ. ಸ್ವಯಂಚಾಲಿತ ಸೂಕ್ಷ್ಮದರ್ಶಕ ಆ ಸಾಲು ಎಲ್ಲಿದೆ ಎಂಬುದನ್ನು ಒಂದು ಮೈಕ್ರಾನ್‌ನಷ್ಟು ನಿಖರವಾಗಿ ಗುರುತಿಸಿ, ಅದು ಬಂದ ದಿಕ್ಕನ್ನು ಹೇಳುತ್ತದೆ. ಹೀಗೆ ಲಕ್ಷಗಟ್ಟಲೆ ಗೆರೆಗಳು. ಇನ್ನೆರಡು ತಂಡಗಳು ಬೇರೆ ವಿಧಾನ ಹಿಡಿದವು: ಜಪಾನಿನ ಕೆಇಕೆ ಸಂಸ್ಥೆಯದು ಮ್ಯುಯಾನ್ ಹಾದಾಗ ಮಿನುಗುವ ಪಟ್ಟಿಗಳು, ಫ್ರಾನ್ಸಿನ ತಂಡದ್ದು ಪಿರಮಿಡ್ಡಿನ ಹೊರಗೆ ನಿಲ್ಲಿಸಿದ, ಅನಿಲ ತುಂಬಿದ ಮ್ಯುಯಾನ್ ದೂರದರ್ಶಕ.

ಮೂರೂ ತಂಡಗಳಿಗೆ ಒಂದೇ ಜಾಗದ ಕಡೆಯಿಂದ ಹೆಚ್ಚುವರಿ ಸಿಕ್ಕಿತು. 2017ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದಂತೆ, ಪಿರಮಿಡ್ಡಿನೊಳಗಿನ 47 ಮೀಟರ್ ಉದ್ದದ ಮಹಾ ಮೊಗಸಾಲೆಯ (ಗ್ರ್ಯಾಂಡ್ ಗ್ಯಾಲರಿ) ಮೇಲೆ, ಕನಿಷ್ಠ 30 ಮೀಟರ್ ಉದ್ದದ, ಮೊಗಸಾಲೆಯಷ್ಟೇ ದೊಡ್ಡ ಅಡ್ಡಕೊಯ್ತದ ಪೊಳ್ಳು ಇದೆ.

ಎಣಿಕೆಯನ್ನು ನಂಬಬಹುದೇ ಎಂಬ ಪ್ರಶ್ನೆಗೆ 2023ರಲ್ಲಿ ಉತ್ತರ ಬಂತು. ಉತ್ತರ ಮುಖದ ಬಾಗಿಲ ಮೇಲಿರುವ ಮಾಡಿನಾಕಾರದ ದೊಡ್ಡ ಕಲ್ಲುಗಳ ಹಿಂದೆ ಇನ್ನೊಂದು ಸಣ್ಣ ಪೊಳ್ಳಿದೆ ಎಂದು ಮ್ಯುಯಾನ್‌ಗಳು ಹೇಳಿದ್ದವು. ಕಲ್ಲಿನ ಸಂದಿಯಲ್ಲಿ ಆರು ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ತೂರಿಸಿದಾಗ ಕಂಡದ್ದು 9 ಮೀಟರ್ ಉದ್ದ, 2 ಮೀಟರ್ ಅಗಲದ, ಮೇಲೆ ಕಲ್ಲಿನ ಮಾಡಿರುವ ಖಾಲಿ ಓಣಿ.

ದೊಡ್ಡ ಪೊಳ್ಳಿಗೆ ಹಾಗೆ ತೂರಿಸಬಲ್ಲ ಸಂದಿಯಿಲ್ಲ. ಅದು ಮಟ್ಟಸವೋ ಇಳಿಜಾರೋ, ಒಂದೇ ಕೋಣೆಯೋ ಹಲವೋ ಎಂಬುದು 2017ರ ಗೆರೆಗಳಲ್ಲಿ ತೀರ್ಮಾನವಾಗಲಿಲ್ಲ. ಚಿತ್ರದ ಮಸುಕು ಅರ್ಧಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಮ್ಯುಯಾನ್ ಎಣಿಸಬೇಕು, ಹತ್ತನೇ ಒಂದಕ್ಕೆ ಇಳಿಯಬೇಕಾದರೆ ನೂರು ಪಟ್ಟು. ಅಲ್ಲಿಯವರೆಗೆ ಯಾರೂ ಅವಸರಪಟ್ಟು ಕಲ್ಲು ಕೊರೆಯದಿರಲಿ. ನಿಮಿಷಕ್ಕೆ 53 ಕೋಟಿ ಬೀಳುವ ಕಡೆ ಮ್ಯುಯಾನಿಗೆ ಕೊರತೆಯಿಲ್ಲ. ಬೇಕಾಗಿರುವುದು ಇನ್ನೂ ದೊಡ್ಡ ಉಪಕರಣ, ಇನ್ನಷ್ಟು ವರ್ಷ.