ಹುಲ್ಲು ಕತ್ತರಿಸದಿದ್ದರೂ ಅಂಕ!

1958ರಲ್ಲಿ ಐರ್ಲೆಂಡಿನ 52 ಊರುಗಳು ಒಂದು ಹೊಸ ಸ್ಪರ್ಧೆಗೆ ಹೆಸರು ಕೊಟ್ಟವು. ಯಾವ ಊರು ಹೆಚ್ಚು ಓರಣವಾಗಿದೆ ಎಂಬುದೇ ಪಣ. ಜನ ಬೀದಿ ಗುಡಿಸಿದರು, ಗೋಡೆಗೆ ಸುಣ್ಣ ಬಳಿದರು, ಬೇಲಿಯ ಬುಡದ ಕಳೆ ಕಿತ್ತರು. ತೀರ್ಪುಗಾರರು ಬಂದು ನೋಡಿ ಹೋದರು. ಮೊದಲ ಬಹುಮಾನ ಸಿಕ್ಕಿದ್ದು ದೇಶದ ವಾಯವ್ಯ ಮೂಲೆಯ ಡೊನೆಗಾಲ್ ಕೌಂಟಿಯಲ್ಲಿರುವ ಗ್ಲೆಂಟೀಸ್ ಎಂಬ ಪುಟ್ಟ ಪೇಟೆಗೆ. ಇಂದಿಗೂ ಆ ಪೇಟೆಯಲ್ಲಿ ಸಾವಿರ ಜನರಿಲ್ಲ.

'ಟೈಡಿ ಟೌನ್ಸ್' ಎಂಬ ಹೆಸರಿನ ಆ ಸ್ಪರ್ಧೆ ಇಂದಿಗೂ ನಡೆಯುತ್ತಿದೆ. ಕೋವಿಡ್ ಕಾರಣಕ್ಕೆ 2020ರಲ್ಲಿ ನಡೆಯಲಿಲ್ಲ, ಅಷ್ಟೇ. ಈಗ ಭಾಗವಹಿಸುವ ಊರುಗಳು ಸುಮಾರು 900. ದುಡಿಯುವವರು ಬಹುಪಾಲು ಸ್ವಯಂಸೇವಕರು: ನಿವೃತ್ತ ಮೇಷ್ಟರು, ಅಂಗಡಿಯವರು, ಗೃಹಿಣಿಯರು, ಶಾಲೆಯ ಮಕ್ಕಳು. ಇದಿಷ್ಟೇ ಆಗಿದ್ದರೆ ಅದೊಂದು ಒಳ್ಳೆಯ ಸುದ್ದಿಯಾಗಿ ಮುಗಿಯುತ್ತಿತ್ತು. ಕುತೂಹಲ ಇರುವುದು ಬೇರೆ ಕಡೆ. ಓರಣ ಎಂದರೇನು ಎಂಬ ಪ್ರಶ್ನೆಗೆ ಇದೇ ಸ್ಪರ್ಧೆ ಮೊದಲು ಕೊಟ್ಟ ಉತ್ತರಕ್ಕೂ ಈಗ ಕೊಡುತ್ತಿರುವ ಉತ್ತರಕ್ಕೂ ಹೊಂದಿಕೆಯಿಲ್ಲ. ಅರ್ಧ ಶತಮಾನ ಕಾಲ ಹುಲ್ಲು ನುಣ್ಣಗೆ ಕತ್ತರಿಸುವುದನ್ನು ಕಲಿತ ಊರುಗಳು ಈಗ ಅದನ್ನು ಕತ್ತರಿಸದೆ ಬಿಡುವುದನ್ನು ಕಲಿಯಬೇಕಾಗಿದೆ.

ಸ್ಪರ್ಧೆ ಹುಟ್ಟಿದ ಕಾಲ ಐರ್ಲೆಂಡಿಗೆ ಒಳ್ಳೆಯ ಕಾಲವಾಗಿರಲಿಲ್ಲ. 1951ರಿಂದ 1961ರವರೆಗಿನ ಹತ್ತು ವರ್ಷಗಳಲ್ಲಿ ಸುಮಾರು ನಾಲ್ಕು ಲಕ್ಷ ಜನ ಕೆಲಸ ಹುಡುಕಿಕೊಂಡು ದೇಶ ಬಿಟ್ಟರು. ಹೆಚ್ಚಿನವರು ಹೋದದ್ದು ಇಂಗ್ಲೆಂಡಿಗೆ. 1961ರ ಜನಗಣತಿಯಲ್ಲಿ ಇಡೀ ಗಣರಾಜ್ಯದಲ್ಲಿ ಉಳಿದಿದ್ದವರು 28 ಲಕ್ಷ ಮಾತ್ರ. ಹಳ್ಳಿಪೇಟೆಗಳಲ್ಲಿ ಬೀಗ ಹಾಕಿದ ಮನೆಗಳು ಒಂದೊಂದಾಗಿ ಮಾಡು ಕುಸಿದು ಬೀಳುತ್ತಿದ್ದವು. ದನದ ಸಂತೆ ನಡೆಯುತ್ತಿದ್ದುದೂ ಮುಖ್ಯ ಬೀದಿಯಲ್ಲೇ. ಸಂತೆ ಮುಗಿದ ಮೇಲೆ ಬೀದಿಯ ಸ್ಥಿತಿ ಹೇಗಿರುತ್ತಿತ್ತು ಎಂಬುದನ್ನು ಸಂತೆಯೂರಿನವರಿಗೆ ವಿವರಿಸಬೇಕಾಗಿಲ್ಲ.

ಇಂಥ ದೇಶಕ್ಕೆ ಪ್ರವಾಸಿಗರನ್ನು, ಅದರಲ್ಲೂ ಅಮೆರಿಕದಲ್ಲಿ ನೆಲೆಸಿದ್ದ ಐರಿಷ್ ಮೂಲದವರನ್ನು ಕರೆತರಬೇಕೆಂದು 1953ರಲ್ಲಿ 'ಆನ್ ಟೋಸ್ತಲ್' ಎಂಬ ವಸಂತೋತ್ಸವ ಆರಂಭವಾಯಿತು. ಉತ್ಸವಕ್ಕೆಂದು ಡಬ್ಲಿನ್ನಿನ ಓಕಾನಲ್ ಸೇತುವೆಯ ಮೇಲೆ ದೊಡ್ಡದೊಂದು ದೀಪದ ಬೋಗುಣಿ ಇಟ್ಟರು. ಅದರ ಅಂದ ಸಹಿಸಲಾರದೆ ಒಬ್ಬ ವಿದ್ಯಾರ್ಥಿ ಆ ವರ್ಷವೇ ಅದನ್ನು ಲಿಫಿ ನದಿಗೆ ಎಸೆದುಬಿಟ್ಟ! ಉತ್ಸವ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಅದರ ಜೊತೆ ಹುಟ್ಟಿಕೊಂಡಿದ್ದ ವಸಂತ ಕಾಲದ ಊರು ಶುಚಿಗೊಳಿಸುವ ಆಂದೋಲನ ಬಾಳಿತು. ಅದನ್ನೇ ಪ್ರವಾಸೋದ್ಯಮ ಮಂಡಳಿ 1958ರಲ್ಲಿ ಸ್ಪರ್ಧೆಯಾಗಿ ಮಾಡಿತು.

ಅಂದರೆ ಮೂಲ ಉದ್ದೇಶ ಬಂದ ನೆಂಟರ ಮುಂದೆ ಮನೆ ಚೆನ್ನಾಗಿ ಕಾಣಬೇಕು ಎಂಬುದು. ಹಬ್ಬದ ಹಿಂದಿನ ದಿನ ನಮ್ಮ ಮನೆಗಳಲ್ಲಿ ನಡೆಯುವ ಸಡಗರವೇ ಅದು. ಬಿದ್ದ ಮನೆಯ ಅವಶೇಷ ತೆಗೆಯುವುದು, ಅಂಗಡಿಯ ಮುಂಭಾಗಕ್ಕೆ ಬಣ್ಣ, ಕಿಟಕಿಯಲ್ಲಿ ಹೂ, ರಸ್ತೆ ಬದಿಯಲ್ಲಿ ಹಸಿರು ಜಮಖಾನೆ ಹಾಸಿದಂಥ ಹುಲ್ಲು.

ಹಳ್ಳಿಯವರಿಗೆ ಕೂಡಿ ದುಡಿಯುವುದು ಹೊಸದಾಗಿರಲಿಲ್ಲ. ಐರಿಷ್ ಭಾಷೆಯಲ್ಲಿ 'ಮೆಹಲ್' ಎಂಬ ಮಾತಿದೆ. ಒಬ್ಬನ ಹೊಲದ ಕೊಯ್ಲಿಗೆ ಅಕ್ಕಪಕ್ಕದವರೆಲ್ಲ ಹೋಗುವುದು, ಮುಂದೆ ಅವನು ಇವರ ಹೊಲಕ್ಕೆ ಬರುವುದು. ನಮ್ಮಲ್ಲಿ ಮುಯ್ಯಾಳು ಎನ್ನುತ್ತಾರಲ್ಲ, ಅದೇ. ಕೊಯ್ಲಿಗೆ ಯಂತ್ರ ಬಂದ ಮೇಲೆ ಹೊಲದ ಮುಯ್ಯಿ ಕಡಿಮೆಯಾಯಿತು, ಬೀದಿಯ ಮುಯ್ಯಿಗೆ ಜನ ಸಿಕ್ಕರು.

ಗ್ಲೆಂಟೀಸ್ 1958, 59, 60ರಲ್ಲಿ ಸತತ ಮೂರು ಬಾರಿ ಗೆದ್ದಿತು. 1962ರಲ್ಲಿ ಮತ್ತೊಮ್ಮೆ. ಆಮೇಲೆ ಬಹುಮಾನ ಬೇರೆ ಬೇರೆ ಊರುಗಳಿಗೆ ಹೋಯಿತು. ಗ್ಲೆಂಟೀಸ್‌ನವರು ಬಿಡಲಿಲ್ಲ. 33 ವರ್ಷ ಕಾದು 1995ರಲ್ಲಿ ಐದನೆಯ ಸಲ ಗೆದ್ದರು. ನಾಟಕಕಾರ ಬ್ರಿಯನ್ ಫ್ರೀಲ್ ಅವರ ತಾಯಿಯ ತವರು ಇದೇ ಊರು. ಅವರ 'ಡ್ಯಾನ್ಸಿಂಗ್ ಅಟ್ ಲೂನಸ' ನಾಟಕದ ಐವರು ಅಕ್ಕತಂಗಿಯರ ಹಿಂದೆ ಇರುವವರು ಇಲ್ಲಿನ ಅವರ ತಾಯಿ ಮತ್ತು ಚಿಕ್ಕಮ್ಮಂದಿರು. ಆ ನಾಟಕದಲ್ಲೂ ಇಬ್ಬರು ಕೆಲಸ ಹುಡುಕಿಕೊಂಡು ಊರು ಬಿಟ್ಟು ಹೋಗುತ್ತಾರೆ. ಊರನ್ನು ಓರಣವಾಗಿಡಲು ಉಳಿದವರು ಅಷ್ಟೊಂದು ಹಟ ಹಿಡಿದದ್ದೇಕೆ ಎಂಬುದು ಅದರಿಂದ ಸ್ವಲ್ಪ ಅರ್ಥವಾಗುತ್ತದೆ.

ಸ್ಪರ್ಧೆಯ ಯಶಸ್ಸಿನ ಗುಟ್ಟು ಬಹುಮಾನದ ಹಣದಲ್ಲಿಲ್ಲ, ವರದಿಯಲ್ಲಿದೆ. ಬೇಸಿಗೆಯಲ್ಲಿ ತೀರ್ಪುಗಾರರು ಮುನ್ಸೂಚನೆ ಇಲ್ಲದೆ ಬರುತ್ತಾರೆ. ಯಾವ ದಿನ, ಯಾರು ಎಂಬುದು ಸಮಿತಿಗೂ ಗೊತ್ತಿರುವುದಿಲ್ಲ. ಹಾಗಾಗಿ ಒಂದು ದಿನದ ಥಳುಕು ನಡೆಯದು. ಊರೊಳಗೆ ಬರುವ ರಸ್ತೆ, ಮನೆಗಳ ಸಾಲು, ಕಸ, ಹಸಿರು ಜಾಗ, ಜನರ ಪಾಲ್ಗೊಳ್ಳುವಿಕೆ ಎಂದು ಬೇರೆ ಬೇರೆ ಶೀರ್ಷಿಕೆಯಲ್ಲಿ ಅಂಕ ಹಾಕಿ, ಭಾಗವಹಿಸಿದ ಪ್ರತಿಯೊಂದು ಊರಿಗೂ ಲಿಖಿತ ವರದಿ ಕಳಿಸುತ್ತಾರೆ. ವರದಿ ಗುಟ್ಟಲ್ಲ, ಯಾರು ಬೇಕಾದರೂ ಓದಬಹುದು. ಪಕ್ಕದ ಊರಿನವರು ಓದದೆ ಬಿಡುವುದೂ ಇಲ್ಲ! 200ಕ್ಕಿಂತ ಕಡಿಮೆ ಜನರ ಹಳ್ಳಿ ತನ್ನಷ್ಟೇ ದೊಡ್ಡ ಹಳ್ಳಿಗಳ ಗುಂಪಿನಲ್ಲಿ ಸ್ಪರ್ಧಿಸುತ್ತದೆ, ಆದರೆ ಒಟ್ಟಾರೆ ಬಹುಮಾನಕ್ಕೆ ದೊಡ್ಡ ಪೇಟೆಯ ಜೊತೆಗೂ ಸೆಣಸಬಹುದು. ಮೂರು ಬಾರಿ ಗೆದ್ದ ವೆಸ್ಟ್‌ಪೋರ್ಟ್ ದೊಡ್ಡ ಪ್ರವಾಸಿ ಪಟ್ಟಣ. 2017ರಲ್ಲಿ ಗೆದ್ದ ಬರ್ಡ್‌ಹಿಲ್‌ನಲ್ಲಿ ಇರುವುದು ಕೆಲವೇ ನೂರು ಜನ.

ಸಂಜೆ ಹೊತ್ತು ಹಳದಿ ಮೇಲಂಗಿ ತೊಟ್ಟು, ಉದ್ದ ಹಿಡಿಯ ಚಿಮುಟ ಹಿಡಿದು ರಸ್ತೆ ಬದಿಯ ಕಸ ಹೆಕ್ಕುವ ನಾಲ್ಕಾರು ಮಂದಿ ಐರ್ಲೆಂಡಿನ ಊರುಗಳಲ್ಲಿ ಸಾಮಾನ್ಯ ದೃಶ್ಯ. ತುಂಬಿದ ಚೀಲಗಳನ್ನು ಸ್ಥಳೀಯ ಆಡಳಿತ ಒಯ್ಯುತ್ತದೆ. ಸರ್ಕಾರದ ಉದ್ಯೋಗ ಯೋಜನೆಗಳಡಿ ಬರುವವರೂ ಅನೇಕ ಕಡೆ ಕೈಜೋಡಿಸುತ್ತಾರೆ. ತೆರಿಗೆ ಪಡೆಯುವವರು ಮಾಡಬೇಕಾದ ಕೆಲಸವನ್ನು ಪುಕ್ಕಟೆ ಮಾಡಿಕೊಡುವುದೇಕೆ ಎಂಬ ಆಕ್ಷೇಪವೂ ಉಂಟು. ಅದರಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಹೆಕ್ಕುವ ಕೈಗಳಿಗೆ ಒಂದು ಮಿತಿ ಇದ್ದೇ ಇದೆ.

ಆ ಮಿತಿ ಚೆನ್ನಾಗಿ ಕಂಡದ್ದು 2002ರಲ್ಲಿ. ಬೇಲಿ, ಮರ, ತಂತಿಗಳಿಗೆ ಸಿಕ್ಕಿಕೊಳ್ಳುತ್ತಿದ್ದ ಪ್ಲಾಸ್ಟಿಕ್ ಚೀಲಗಳನ್ನು ಸ್ವಯಂಸೇವಕರು ವರ್ಷಗಟ್ಟಲೆ ಕೀಳುತ್ತಲೇ ಇದ್ದರು. ಆ ಮಾರ್ಚ್‌ನಲ್ಲಿ ಸರ್ಕಾರ ಒಂದು ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿತು. ಒಬ್ಬ ವ್ಯಕ್ತಿ ವರ್ಷಕ್ಕೆ ಬಳಸುತ್ತಿದ್ದ ಚೀಲಗಳ ಸಂಖ್ಯೆ 328ರಿಂದ 21ಕ್ಕೆ ಇಳಿಯಿತು. ಅಷ್ಟು ಚೀಲಗಳನ್ನು ಯಾವ ಸಮಿತಿಯೂ ಹೆಕ್ಕಿ ಮುಗಿಸುತ್ತಿರಲಿಲ್ಲ. 2024ರ ಫೆಬ್ರವರಿಯಿಂದ ಬಾಟಲಿ, ಕ್ಯಾನುಗಳಿಗೂ ಠೇವಣಿ ಬಂದಿದೆ. ಚಿಕ್ಕದಕ್ಕೆ 15 ಸೆಂಟ್, ದೊಡ್ಡದಕ್ಕೆ 25. ಖಾಲಿ ಮಾಡಿ ವಾಪಸು ಕೊಟ್ಟರೆ ದುಡ್ಡು ವಾಪಸು.

ಇನ್ನು ಹುಲ್ಲಿನ ವಿಷಯ. 1995ರಲ್ಲಿ ಸ್ಪರ್ಧೆ ಪ್ರವಾಸೋದ್ಯಮ ಮಂಡಳಿಯಿಂದ ಪರಿಸರ ಇಲಾಖೆಯ ಕೈಗೆ ಬಂತು. ಬರಬರುತ್ತ ವನ್ಯಜೀವಿ, ತ್ಯಾಜ್ಯ ಕಡಿತ ಮುಂತಾದವಕ್ಕೂ ಅಂಕ ಸೇರಿತು. ದೊಡ್ಡ ತಿರುವು ಬಂದದ್ದು 2015ರಲ್ಲಿ. ಐರ್ಲೆಂಡ್ ದ್ವೀಪದಲ್ಲಿ ಜೇನಿನ ಕುಲಕ್ಕೆ ಸೇರಿದ ಸುಮಾರು ನೂರು ಜಾತಿಗಳಿವೆ. ಜೇನು ಕೊಡುವ ನೊಣ ಅವುಗಳಲ್ಲಿ ಒಂದೇ. ಉಳಿದವುಗಳಲ್ಲಿ ದಪ್ಪ ಮೈಯ ಬಂಬಲ್‌ಬೀಗಳು ಇಪ್ಪತ್ತು ಚಿಲ್ಲರೆ. ಮಿಕ್ಕವು ಮಣ್ಣಿನ ಬಿಲ, ಕಲ್ಲುಗೋಡೆಯ ಸಂದುಗಳಲ್ಲಿ ಒಂಟಿಯಾಗಿ ಬಾಳುವಂಥವು. ಇವುಗಳಲ್ಲಿ ಮೂರನೇ ಒಂದು ಭಾಗ ಅಳಿವಿನ ಅಂಚಿಗೆ ಬಂದಿವೆ ಎಂದು ತಜ್ಞರು ಹೇಳಿದರು. ಅವುಗಳನ್ನು ಉಳಿಸಲು ಆ ವರ್ಷ ಇಡೀ ದ್ವೀಪಕ್ಕೆ ಒಂದು ಪರಾಗಸ್ಪರ್ಶ ಯೋಜನೆ ರೂಪುಗೊಂಡಿತು.

ಯೋಜನೆಯ ಸಲಹೆಗಳನ್ನು ಓದಿದ ಹಳೆಯ ಸ್ವಯಂಸೇವಕರಿಗೆ ತಲೆ ತಿರುಗಿರಬೇಕು. ಇಷ್ಟು ದಿನ ಮಾಡಿದ್ದೆಲ್ಲ ತಪ್ಪೇ? ದೀಪದ ಕಂಬಕ್ಕೆ ತೂಗುಹಾಕುವ ಬುಟ್ಟಿಗಳಲ್ಲಿ ಬೆಳೆಸುತ್ತಿದ್ದ ಜೆರೇನಿಯಂ, ಪೆಟೂನಿಯ, ಬೆಗೋನಿಯಗಳಲ್ಲಿ ಜೇನಿಗೆ ಬೇಕಾದ ಪರಾಗವಾಗಲಿ ಮಕರಂದವಾಗಲಿ ಇಲ್ಲವೆನ್ನುವಷ್ಟು ಕಡಿಮೆ. ಕಣ್ಣಿಗೆ ಹಬ್ಬ, ದುಂಬಿಗೆ ಖಾಲಿ ಎಲೆ! ಅದೇ ವೇಳೆ, ಕಂಡಲ್ಲೆಲ್ಲ ಕಿತ್ತೆಸೆಯುತ್ತಿದ್ದ ಹಳದಿ ಹೂವಿನ ಡ್ಯಾಂಡೆಲಿಯನ್ ವಸಂತದ ಆರಂಭದಲ್ಲಿ ಜೇನ್ನೊಣಗಳ ಮುಖ್ಯ ಆಹಾರ. ಆದ್ದರಿಂದ ಅದು ಅರಳಿ ಮುಗಿಯುವ ತನಕ, ಎಂದರೆ ಏಪ್ರಿಲ್ ಮಧ್ಯದವರೆಗೆ, ಮೊದಲ ಕೊಯ್ಲು ಬೇಡ. ಆಮೇಲೂ ವಾರಕ್ಕೊಮ್ಮೆ ಬೇಡ, ಆರು ವಾರಕ್ಕೊಮ್ಮೆ ಸಾಕು. ಕೆಲವು ಜಾಗಗಳಲ್ಲಂತೂ ಇಡೀ ವರ್ಷ ಬಿಟ್ಟು ಸೆಪ್ಟೆಂಬರಿನಲ್ಲಿ ಒಮ್ಮೆ ಕೊಯ್ದು, ಕೊಯ್ದ ಹುಲ್ಲನ್ನು ಹೊರಗೆ ಸಾಗಿಸಬೇಕು. ಕಳೆನಾಶಕ ಬೇಡ. ಪೊಟ್ಟಣದಲ್ಲಿ ಮಾರುವ ಕಾಡುಹೂವಿನ ಬೀಜವೂ ಬೇಡ. ಅದರಲ್ಲಿ ಪರದೇಶದ ಗಿಡಗಳು ಸೇರಿರಬಹುದು, ನೆಲದಲ್ಲಿರುವುದು ತಾನೇ ಬೆಳೆಯಲಿ ಎಂಬುದು ತಜ್ಞರ ವಾದ.

2016ರಿಂದ ಟೈಡಿ ಟೌನ್ಸ್‌ನಲ್ಲಿ ಪರಾಗಸ್ಪರ್ಶ ಕೀಟಗಳಿಗಾಗಿ ಪ್ರತ್ಯೇಕ ಪ್ರಶಸ್ತಿಯೂ ಬಂತು. ಕಾಗದದ ಮೇಲೆ ಇದು ಸುಲಭ. ಊರಲ್ಲಿ ಕಷ್ಟ. ಮೊಣಕಾಲೆತ್ತರ ಬೆಳೆದ ಹುಲ್ಲು ನೋಡಿದ ದಾರಿಹೋಕರು ಸಮಿತಿ ಸತ್ತುಹೋಯಿತೇ ಎಂದುಕೊಳ್ಳುತ್ತಾರೆ. ಕತ್ತರಿಸಿದ ಹುಲ್ಲೇ ಶಿಸ್ತು ಎಂದು ಅವರಿಗೆ ಕಲಿಸಿದವರು ಇದೇ ಸಮಿತಿಯವರು ತಾನೇ? ಗೋರಿಗಳ ನಡುವೆ ಹುಲ್ಲು ಬಿಡುವುದು ಇನ್ನೂ ಸೂಕ್ಷ್ಮ. ಅಲ್ಲಿ ಮಲಗಿದವರ ಮನೆಯವರಿಗೆ ಅದು ಅಗೌರವವಾಗಿ ಕಾಣಬಹುದು.

2023ರ ವಿಜೇತ ಊರಾದ ಲೀಶ್ ಕೌಂಟಿಯ ಅಬಿಲೀಕ್ಸ್‌ನಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ಊರ ಪಕ್ಕದಲ್ಲೇ ಸುಮಾರು 500 ಎಕರೆಯ ಜೌಗುಭೂಮಿ ಇದೆ. ಸಾವಿರಾರು ವರ್ಷ ಗಿಡಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತು ಆದ ಪೀಟ್ ಎಂಬ ಕರಿಮಣ್ಣಿನ ನೆಲ ಅದು. ಐರ್ಲೆಂಡಿನಲ್ಲಿ ಪೀಟ್ ಅಗೆದು ಒಲೆಗೆ, ವಿದ್ಯುತ್ತಿಗೆ, ಹೂಕುಂಡಕ್ಕೆ ಬಳಸುತ್ತ ಬಂದಿದ್ದಾರೆ. ಹಳೆಯ ಲೆಕ್ಕದಲ್ಲಿ ಜೌಗು ಎಂದರೆ ಹಾಳು ನೆಲ. 2000ದಲ್ಲಿ ಸರ್ಕಾರಿ ಪೀಟ್ ಕಂಪೆನಿ ಅಗೆಯುವ ಕೆಲಸಕ್ಕೆ ಮುಂದಾದಾಗ ಊರವರು ಎದುರು ನಿಂತರು. ಹಲವು ವರ್ಷಗಳ ಮಾತುಕತೆಯ ಬಳಿಕ ಆ ನೆಲ 50 ವರ್ಷದ ಗುತ್ತಿಗೆಗೆ ಊರವರ ಕೈಗೆ ಬಂತು. ನೀರು ಬಸಿದು ಹೋಗಲೆಂದು ಹಿಂದೆ ತೋಡಿದ್ದ ಕಾಲುವೆಗಳನ್ನು ಕಟ್ಟಿದರು, ನೀರು ನಿಲ್ಲಿಸಿದರು, ನೋಡುವವರಿಗೆ ಮರದ ಹಲಗೆಯ ಕಾಲುದಾರಿ ಹಾಸಿದರು. ಬಹುಮಾನಕ್ಕೆ ಅದೊಂದೇ ಕಾರಣವಲ್ಲ, ಅಬಿಲೀಕ್ಸ್ ಅಂದವಾದ ಹಳೆಯ ಪೇಟೆಯೂ ಹೌದು. ಆದರೂ 1958ರ ತೀರ್ಪುಗಾರರು ಆ ಕೆಸರಿನತ್ತ ತಿರುಗಿಯೂ ನೋಡುತ್ತಿರಲಿಲ್ಲ ಎನ್ನಬಹುದು.

ಹುಲ್ಲು ಬಿಟ್ಟ ಊರುಗಳು ಬೈಗುಳ ತಪ್ಪಿಸಿಕೊಳ್ಳಲು ಒಂದು ಉಪಾಯ ಕಂಡುಕೊಂಡಿವೆ. ಬೆಳೆದ ಹುಲ್ಲಿನ ಸುತ್ತ, ರಸ್ತೆಗೆ ತಾಗಿದಂತೆ, ಒಂದು ಗಜ ಅಗಲದ ಅಂಚನ್ನು ಮಾತ್ರ ನುಣ್ಣಗೆ ಕತ್ತರಿಸುತ್ತಾರೆ. ನಡುವೆ ಒಂದು ಸಣ್ಣ ಫಲಕ ನೆಡುತ್ತಾರೆ: ಇದನ್ನು ಜೇನುಗಳಿಗಾಗಿ ಬಿಟ್ಟಿದ್ದೇವೆ ಎಂದು. ಅಂಚು ಕತ್ತರಿಸಿದ್ದು ಕಂಡರೆ ನಡುವಿನದನ್ನು ಬೇಕೆಂದೇ ಬಿಟ್ಟಿದ್ದಾರೆ ಎಂದು ಜನಕ್ಕೆ ತಿಳಿಯುತ್ತದೆ. ಸಮಿತಿಯವರ ಹುಲ್ಲು ಕತ್ತರಿಸುವ ಯಂತ್ರಕ್ಕೂ ಕೆಲಸ ಇರುತ್ತದೆ.